ಎರಡನೆಯ ಹಾಳೆ

ಹೆಂಡತಿ ನೀರಿನ ಚೊಂಬನ್ನು ಎಡಗೈಯಲ್ಲಿ ಎತ್ತುತ್ತಾಳೋ ಬಲಗೈಯಲ್ಲಿ ಎತ್ತುತ್ತಾಳೋ ಎಂದು ಕಣ್ಣಂಚಿನಲ್ಲೇ ನೋಡುವುದು ಕಾಂತರಾಜನಿಗೆ ಅಭ್ಯಾಸವಾಗಿ ಮೂರು ತಿಂಗಳಾಗುತ್ತ ಬಂದಿತ್ತು. ಈ ಬೆಳಿಗ್ಗೆಯೂ ನೋಡಿದ. ಹೇಮಶ್ರೀ ಬಲಗೈಯನ್ನೇ ಚಾಚಿದಳು. ಚೊಂಬಿನ ಕಂಠಕ್ಕೆ ಬೆರಳು ತಾಗುವ ಹೊತ್ತಿಗೆ ಏನೋ ನೆನಪಾದವಳ ಹಾಗೆ ಅದನ್ನು ಹಿಂದಕ್ಕೆಳೆದುಕೊಂಡು ಎಡಗೈಯಲ್ಲಿ ಎತ್ತಿದಳು. ನೆನಪಾದದ್ದು ನೋವೋ, ಗಂಡ ನೋಡುತ್ತಿದ್ದಾನೆ ಎಂಬುದೋ? ನಿಜವಾಗಿ ನೋಯುವ ಕೈಗೆ ಮರೆವು ಎಲ್ಲಿಂದ ಬರುತ್ತದೆ? ಮೊನ್ನೆ ಅಂಗಳದಲ್ಲಿ ರಾಗಿ ಹರವಿದ್ದಾಗ ಕಾಗೆಯ ಮೇಲೆ ಕಲ್ಲು ಬೀಸಿದ್ದು ಬಲಗೈಯೇ. ಅದರ ಹಿಂದಿನ ವಾರ ತಲೆ ಬಾಚಿಕೊಂಡದ್ದೂ ಬಲಗೈಯಲ್ಲೇ. ಬಾಚಣಿಗೆ ಸಿಕ್ಕಿಗೆ ತಡೆದಾಗ ಮಾತ್ರ ಕೈ ಬದಲಾಯಿಸಿದ್ದಳು. ಇಂಥವನ್ನೆಲ್ಲ ಅವನು ಒಂದೊಂದಾಗಿ ಮನಸ್ಸಿನಲ್ಲಿ ಕೂಡಿಟ್ಟುಕೊಂಡಿದ್ದ, ಯಾರಾದರೂ ಕೇಳಿದರೆ ಹೇಳಲು. ಈವರೆಗೆ ಯಾರೂ ಕೇಳಿರಲಿಲ್ಲ.

"ಒಂಬತ್ತೂವರೆ ಬಸ್ಸಿಗೆ ರೆಡಿ ಇರಿ," ಎಂದಳು ಹೇಮಶ್ರೀ. "ಡಾಕ್ಟ್ರು ಗಂಡನ್ನ ಕರ್ಕೊಂಡ್ ಬನ್ನಿ ಅಂದವ್ರೆ."

ಇದನ್ನು ಅವಳು ಮೊನ್ನೆಯೇ ಹೇಳಿದ್ದಳು. ಈಗ ಮತ್ತೆ ಹೇಳಿದಳು. ಕೈ ನೋಡುವುದಕ್ಕೆ ಡಾಕ್ಟರಿಗೆ ಗಂಡ ಯಾಕೆ ಬೇಕು? ಹಿಂದಿನ ಸಲ ಅತ್ತೆಯ ಜೊತೆ ಹೋದಾಗ ಬೇಡವಾಗಿದ್ದ ಗಂಡ ಈಗ ಯಾಕೆ? ಭೇರ್ಯದಲ್ಲಿರುವ ಅವಳ ತಂಗಿ ರೂಪಶ್ರೀ ನರ್ಸಿಂಗ್ ಓದುತ್ತಿದ್ದಾಳೆ. ದಿನಕ್ಕೆರಡು ಸಲ ಫೋನು. ತಾನು ಒಳಗೆ ಬಂದ ಕೂಡಲೇ ಅಕ್ಕತಂಗಿಯರ ಮಾತು ಹಸುವಿಗೋ ಹವಾಮಾನಕ್ಕೋ ತಿರುಗುವುದನ್ನು ಅವನು ಗಮನಿಸಿದ್ದ. ಇಸ್ತ್ರಿ ಮಾಡಿದ ಅಂಗಿಯನ್ನು ತೊಟ್ಟು, ಗುಂಡಿ ಹಾಕಿಕೊಳ್ಳುತ್ತ, ಕೊಟ್ಟಿಗೆಯ ಕಡೆಗಿದ್ದ ಹಿತ್ತಿಲ ಬಾಗಿಲನ್ನು ನೋಡದೆ, ಡೈರಿಗೆ ಹೊರಟ.

ಹಾರನಹಳ್ಳಿಯಿಂದ ಒಂದೂವರೆ ಮೈಲಿಯ ತನ್ನ ಊರಿನ ಹಾಲಿನ ಡೈರಿಗೆ ಅವನು ಸೆಕ್ರೆಟರಿಯಾಗಿ ಹನ್ನೆರಡು ವರ್ಷ. ಬಿ.ಎ. ಮುಗಿಸಿ, ಮೇಷ್ಟರ ಕೆಲಸದ ಪರೀಕ್ಷೆಯನ್ನು ಎರಡು ಸಲ ಬರೆದು, ಕೊನೆಗೆ ಇಲ್ಲಿ ಕೂತಿದ್ದ. ಹಿಂದಿನ ಸೆಕ್ರೆಟರಿ ರುದ್ರಸ್ವಾಮಿ ಬಿಟ್ಟುಹೋಗುವಾಗ ಎರಡು ಮಾತು ಹೇಳಿದ್ದರು. ಹಾಲು ತಂದವರ ಮುಖ ನೋಡಬೇಡ, ಮಿಷನ್ ನೋಡು. ಕದಡದ ಹಾಲನ್ನು ಮಿಷನ್ನಿಗೆ ಕೊಡಬೇಡ. ಕೊಟ್ಟು ಆಮೇಲೆ ಅದನ್ನು ಬೈಯಬೇಡ. ಮೊದಲನೆಯ ಮಾತು ಕಾಂತರಾಜನಿಗೆ ತುಂಬ ಹಿಡಿಸಿತ್ತು. ಅವನಿಗೆ ಚಿಕ್ಕಂದಿನಿಂದಲೂ ಮುಖಗಳ ಕಾಟ. ಎದುರಿನವರು ನಕ್ಕರೆ ಯಾಕೆ ನಕ್ಕರು, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾರೆ. ಹಾಲು ಪರೀಕ್ಷಿಸುವ ಮಿಷನ್ನಿನ ಪುಟ್ಟ ಕಿಟಕಿಯಲ್ಲಿ ಮೂಡುವ ಕೆಂಪು ಅಂಕಿಗಳಿಗೆ ಒಳಗೊಂದು ಹೊರಗೊಂದು ಇರಲಿಲ್ಲ. ಫ್ಯಾಟು ಇಷ್ಟು, ಡಿಗ್ರಿ ಇಷ್ಟು. ಡಿಗ್ರಿ ಕಡಿಮೆ ಬಂದರೆ ಹಾಲಿಗೆ ನೀರು ಬಿದ್ದಿದೆ. ಅಷ್ಟೇ.

"ಏನಪ್ಪಾ ಸೆಕ್ರೆಟ್ರಿ, ಏನಂತದೆ ಇವತ್ತು ನಿನ್ನ ದೇವ್ರು?" ಚಿಕ್ಕಬೀರಮ್ಮ ಸೊಂಟದಿಂದ ಕ್ಯಾನು ಇಳಿಸಿದಳು. ಅರವತ್ತು ದಾಟಿದ ಹೆಂಗಸು. ಒಂದೇ ಹಸು, ಅರ್ಧ ಊರಿನಷ್ಟು ಬಾಯಿ.

"ಚೆನ್ನಾಗೈತೆ ಕಣಮ್ಮ. ಇಪ್ಪತ್ತೆಂಟೂವರೆ."

"ಅದೇ ಹಸ, ಅದೇ ಹುಲ್ಲು, ಅದೇ ನಾನು. ಬೇಸ್ಗೇಲಿ ಇಪ್ಪತ್ನಾಕು ಅಂದು ನನ್ ಹಾಲು ವಾಪಸ್ ಕಳ್ಸಿದ್ಯಲ್ಲ? ಆ ವಾರ ಊರಿನ್ ಹಸಗಳೆಲ್ಲ ಒಟ್ಗೆ ಕೆರೆಗೋಗಿ ಈಜಾಡ್ಕಂಡ್ ಬಂದಿದ್ವಾ?"

ಸಾಲಿನಲ್ಲಿ ನಿಂತವರು ನಕ್ಕರು. ಕಾಂತರಾಜನೂ ತುಟಿಯಗಲಿಸಿದ. ಇದು ತಮಾಷೆಯೋ, ಇವಳಿಗೇನಾದರೂ ಗೊತ್ತೋ ಎಂದು ಅವಳ ಮುಖ ನೋಡಿದ. ಗೊತ್ತಾಗಲಿಲ್ಲ.

"ಇಸ್ತ್ರಿ ಅಂಗಿ ಆಕ್ಕಂಡಿದ್ದೀಯ. ಎಲ್ಲಿಗಪ್ಪ?"

"ಹುಣಸೂರ್‌ಗೆ. ಹೇಮಂಗೆ ಕೈ ತೋರ್ಸಾಕೆ."

"ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ವಂತೆ ಅಂದ್ಲು ನಿಮ್ಮವ್ವ?"

"ಏನೂ ಇಲ್ಲ. ಆದ್ರೂ ನೋವು ಅಂತಾಳಲ್ಲ."

"ಏನೂ ಇಲ್ದಿದ್ರೆ ಯಾಕಪ್ಪ ನೋಯ್ತದೆ?" ಎಂದು ಕೇಳಿ ಚಿಕ್ಕಬೀರಮ್ಮ ಖಾಲಿ ಕ್ಯಾನು ಎತ್ತಿಕೊಂಡು ಹೊರಟೇಹೋದಳು.

ಆ ಪ್ರಶ್ನೆ ಕಟ್ಟೆಯ ಮೇಲೆ ಹಾಗೇ ಉಳಿಯಿತು. ಮುಂದಿನವರ ಹಾಲನ್ನು ಸೌಟಿನಲ್ಲಿ ಕದಡುತ್ತ, ಒಂದು ಸಲ, ಎರಡು ಸಲ, ಬೇಕಾದ್ದಕ್ಕಿಂತ ಹೆಚ್ಚಾಗಿ ಕದಡುತ್ತ, ಅವನು ಬೇಸಿಗೆಯ ಆ ವಾರಕ್ಕೆ ಜಾರಿದ. ಅವನ ಮನೆಯ ಹಾಲೇ ಮೂರು ದಿನ ಡಿಗ್ರಿ ಬಂದಿರಲಿಲ್ಲ. ಮೊದಲ ದಿನ ಯಾರೂ ಮಾತಾಡಲಿಲ್ಲ. ಎರಡನೆಯ ದಿನ ಸಾಲಿನ ಹಿಂದೆ ಯಾರೋ ಕೆಮ್ಮಿದರು. ಮೂರನೆಯ ದಿನ, "ಬೇಲೀನೇ ಎದ್ದು ಹೊಲ ಮೇದ್ರೆ ಯಾರಿಗೇಳಾನ ಬುಡು," ಎಂಬ ಮಾತು, ಯಾರದೆಂದು ತಿಳಿಯದ ಗಂಟಲಿನಿಂದ, ಅವನ ಬೆನ್ನಿಗೆ ಬಂದು ತಾಗಿತು. ಮನೆಯಲ್ಲಿ ಹಾಲು ಕರೆಯುವವಳು ಹೇಮಶ್ರೀ. ನಾಲ್ಕನೆಯ ಬೆಳಿಗ್ಗೆ ಅವನು ಚಪ್ಪಲಿ ಬಿಟ್ಟು, ಸದ್ದಾಗದಂತೆ ಕೊಟ್ಟಿಗೆಗೆ ಹೋದ. ಅವಳು ಕುಕ್ಕರುಗಾಲಿನಲ್ಲಿ ಕೂತಿದ್ದಳು. ಮಂಡಿಗಳ ನಡುವೆ ಕ್ಯಾನು, ಬಲಗೈಯಲ್ಲಿ ನೀರಿನ ಮಗ್ಗು. ಮಗ್ಗು ಕ್ಯಾನಿನ ಬಾಯಿಯ ನೇರಕ್ಕೆ ಇತ್ತೋ, ಸ್ವಲ್ಪ ಆಚೆಗೆ, ಹಸುವಿನ ಕೆಚ್ಚಲ ಕಡೆಗೆ ಇತ್ತೋ, ಅದನ್ನು ಈಗ ಎಷ್ಟು ಸಲ ನೆನೆದರೂ ಮಗ್ಗು ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೆ. ಅವನು ಆ ಮಣಿಕಟ್ಟನ್ನು ಹಿಡಿದ. ಹೊಡೆಯಲಿಲ್ಲ, ಅವನು ಜನ್ಮದಲ್ಲಿ ಯಾರಿಗೂ ಹೊಡೆದವನಲ್ಲ. ನೀರು ಕ್ಯಾನಿಗೆ ಬೀಳದ ಹಾಗೆ ಮಗ್ಗನ್ನು ಆಚೆಗೆ ತಿರುಗಿಸಿದ, ಅಷ್ಟೇ. ಮಗ್ಗು ತಿರುಗಬೇಕಾದರೆ ಕೈ ತಿರುಗಬೇಕಲ್ಲ. ಲಟಕ್ಕೆಂದು ಒಂದು ಸದ್ದಾಯಿತು. ಮಗ್ಗು ಕಲ್ಲುಚಪ್ಪಡಿಗೆ ಬಿದ್ದದ್ದು ಆ ಸದ್ದಿಗೆ ಮೊದಲೋ ಆಮೇಲೋ?

ಅವಳು ಕೂಗಲಿಲ್ಲ. ಉಸಿರನ್ನು ಒಮ್ಮೆ ಒಳಕ್ಕೆಳೆದುಕೊಂಡಳು. "ಕೆಚ್ಲು ತೊಳೆಯಾಕೆ ನೀರು," ಎಂದಳು. ಅವನು ನಂಬಲಿಲ್ಲ. ಅಂಕಿಯನ್ನು ಮೂರು ದಿನ ಕಣ್ಣಾರೆ ಕಂಡಿದ್ದನಲ್ಲ. ಅವ್ವ ಪ್ರೇಮಮ್ಮ ಒಳಗಿನಿಂದ "ಏನದು ಸದ್ದು?" ಎಂದಾಗ ಹೇಮಶ್ರೀಯೇ, "ಚಪ್ಪಡಿ ಮೇಲೆ ಜಾರ್‌ಬಿದ್ದೆ ಅತ್ತೆ," ಎಂದಳು. ಹಾಗೆ ಹೇಳೆಂದು ಅವನೇನೂ ಕೇಳಿರಲಿಲ್ಲ. ಅವಳು ಯಾಕೆ ಹಾಗೆ ಹೇಳಿದಳು? ಗಂಡನ ಮರ್ಯಾದೆ ಉಳಿಸಲೋ, ಅದನ್ನು ಕೈಯಲ್ಲಿ ಹಿಡಿದಿಟ್ಟುಕೊಳ್ಳಲೋ? ಅವತ್ತಿನಿಂದ ಅವನು ಕೊಟ್ಟಿಗೆಗೆ ಕಾಲಿಟ್ಟಿರಲಿಲ್ಲ.

ಅದಾಗಿ ಐದು ದಿನಕ್ಕೆ ಕೆ.ಆರ್. ನಗರದಿಂದ ಮಿಷನ್ ರಿಪೇರಿಯ ನಂಜಣ್ಣ ಬಂದ. ಮಿಷನ್ನಿನ ಹೊಟ್ಟೆ ಬಿಚ್ಚಿ, ಸಣ್ಣ ನಳಿಗೆಯನ್ನು ಬೆಳಕಿಗೆ ಹಿಡಿದು, "ನೋಡಿ ಸಾರ್, ಹಾಲಿನ ಪಸೆ ಹೆಂಗ್ ಕಟ್ಕಂಡದೆ. ಒಂದ್ ಹತ್ ದಿನದಿಂದ ತಪ್ಪೇ ತೋರ್ಸಿರ್ತದೆ. ಪಾಪ, ಯಾರ್ ಹಾಲ್ಗೂ ನೀರ್ ಬಿದ್ದಿಲ್ಲ," ಎಂದು ನಕ್ಕ. ಬಿಸಿನೀರಿನಲ್ಲಿ ತೊಳೆದು, ಜೋಡಿಸಿ, ಟೀ ಕುಡಿದು ಹೋದ. ಆ ಹೊತ್ತಿನಲ್ಲಿ ಡೈರಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕಾಂತರಾಜ ಅದನ್ನು ಯಾರಿಗೂ ಹೇಳಲಿಲ್ಲ. ಹೇಳಬಾರದೆಂದು ನಿಶ್ಚಯಿಸಿದ್ದೇನೂ ಅಲ್ಲ. ಮೊದಲ ದಿನ ಹೇಳಲಿಲ್ಲ, ಎರಡನೆಯ ದಿನಕ್ಕೆ, ನಿನ್ನೆ ಯಾಕೆ ಹೇಳಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕಾಗಿತ್ತು.

ಬಸ್ಸಿನಲ್ಲಿ ಹೇಮಶ್ರೀ ಕಿಟಕಿಯ ಪಕ್ಕ ಕೂತಳು. ಬಲಗೈಯನ್ನು ಮಡಿಲಲ್ಲಿ, ಬೇರೆಯವರ ಮಗುವನ್ನು ಸ್ವಲ್ಪ ಹೊತ್ತು ಇಟ್ಟುಕೊಂಡವಳ ಹಾಗೆ, ಇಟ್ಟುಕೊಂಡಿದ್ದಳು. ಹೊಗೆಸೊಪ್ಪು ಬೇಯುವ ಕಾಲ. ರಸ್ತೆಯ ಎರಡು ಕಡೆ ಸೊಪ್ಪು ಬೇಯಿಸುವ ಬ್ಯಾರನ್‌ಗಳಿಂದ ಸಿಹಿಯಾದ, ತಲೆ ಹಿಡಿಯುವ ವಾಸನೆ ಒಳಗೆ ಬರುತ್ತಿತ್ತು. ಕಾಂತರಾಜನ ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಹಾಳೆಯೊಂದಿತ್ತು. ಬಸ್ಸು ಕುಲುಕಿದಾಗಲೆಲ್ಲ ಅದು ಎದೆಗೆ ಒತ್ತುತ್ತಿತ್ತು. ಅವನು ಒಂದೆರಡು ಸಲ, ಬೆವರು ಒರೆಸಿಕೊಳ್ಳುವವನ ಹಾಗೆ, ಅದನ್ನು ಮುಟ್ಟಿ ನೋಡಿಕೊಂಡ.

"ರಿಪೋರ್ಟ್ ತಂದಿದ್ದೀರಾ?" ಎಂದಳು.

"ಊಂ." ಕಾಲ ಮೇಲಿದ್ದ ದೊಡ್ಡ ಬಿಳಿ ಕವರನ್ನು ತಟ್ಟಿದ.

"ಎಲ್ಲಾ?"

"ಎಲ್ಲಾ ಅಂದ್ರೆ?"

"ಪಿಚ್ಚರು, ಕಾಗ್ದ, ಎಲ್ಲಾ."

"ಊಂ."

ಅವಳು ಮತ್ತೆ ಕಿಟಕಿಗೆ ತಿರುಗಿದಳು. ಸುಮ್ಮನೆ ಕೇಳಿದ್ದೋ? ಅವಳ ಕೈಯಲ್ಲಿ ಗಾಜಿನ ಬಳೆಗಳಿದ್ದವು, ಹಸಿರು, ಒಂದೊಂದು ಕೈಗೆ ಆರು. ಮೈಸೂರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಅವನ್ನು ತೆಗೆಯಲು ಹೇಳಿದ್ದರು. ಎಡಗೈ ಬಳೆ ಅವಳೇ ತೆಗೆಯಲಾರದೆ, ಬಲಗೈ ಬಳೆ ಬೇರೆಯವರಿಗೆ ಮುಟ್ಟಲು ಕೊಡದೆ, ಹೇಗೋ ಸೋಪು ಹಚ್ಚಿ ತೆಗೆದು, ಅವನ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಟ್ಟು ಒಳಗೆ ಹೋಗಿದ್ದಳು. ಗೋಡೆಯಾಚೆಯಿಂದ ಬೋರ್‌ವೆಲ್ ಕೊರೆಯುವಂಥ ಸದ್ದು. ಅರ್ಧ ಗಂಟೆಗೆಂದು ಹೇಳಿದ್ದವರು ಮುಕ್ಕಾಲು ಗಂಟೆಯಾದರೂ ಬಿಡಲಿಲ್ಲ. ಆಮೇಲೆ ಬಿಳಿ ಕೋಟಿನ ಒಬ್ಬ ಹುಡುಗಿ ಬಂದು, "ಪೇಷಂಟ್ ಕೈ ಅಲ್ಲಾಡಿಸ್ತಾ ಇದ್ದಾರೆ. ನೀವೊಂದ್ ಮಾತು ಹೇಳಿ, ನಿಮ್ಮ ಮಾತು ಕೇಳ್ತಾರೇನೋ," ಎಂದು ಅವನನ್ನು ಗಾಜಿನ ಕಿಟಕಿಯ ಕೋಣೆಗೆ ಕರೆದೊಯ್ದಳು. ಅಲ್ಲಿಂದ ನೋಡಿದರೆ ಹೇಮಶ್ರೀ ಮಿಷನ್ನಿನ ಕೊಳವೆಯೊಳಗೆ ಬೋರಲು ಮಲಗಿದ್ದಳು; ಬಲಗೈ ತಲೆಯ ಮುಂದಕ್ಕೆ ನೀಟಾಗಿ ಚಾಚಿತ್ತು, ದೇವರಿಗೆ ಅಡ್ಡಬಿದ್ದವರ ಹಾಗೆ. ಮೈಕಿನ ಗುಂಡಿ ಒತ್ತಿ ಹಿಡಿದುಕೊಂಡು ಅವನು, "ಹೇಮ, ಕೈ ಅಲ್ಲಾಡಿಸ್‌ಬೇಡ," ಎಂದ. ಅವನ ದನಿ ಆ ಕೊಳವೆಯೊಳಗೆ ಹೇಗೆ ಕೇಳಿಸಿತೋ. ಅವಳ ಪಾದಗಳು ಒಂದರ ಮೇಲೊಂದು ಹತ್ತಿಕೊಂಡವು. ಹುಡುಗಿ ಪರದೆ ನೋಡಿ, "ಅಯ್ಯೋ, ಈಗ ಜಾಸ್ತಿ ಆಯ್ತು," ಎಂದಳು.

ರಿಪೋರ್ಟು ಸಂಜೆ ಬಂತು. ಎರಡು ಹಾಳೆ, ಇಂಗ್ಲಿಷಿನಲ್ಲಿ. ಹೇಮಶ್ರೀ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬಳೆ ಏರಿಸಿಕೊಳ್ಳುತ್ತಿದ್ದಾಗ ಅವನು ಕಂಬಕ್ಕೆ ಒರಗಿ ನಿಂತು ಓದಿದ. ಮೊದಲ ಹಾಳೆಯ ಕೊನೆಯಲ್ಲಿ, ನಿಶ್ಚಿತವಾದ ಹರಕು ಕಂಡುಬಂದಿಲ್ಲ ಎಂಬ ಅರ್ಥದ ಮಾತಿತ್ತು. ಅದನ್ನು ಓದಿದಾಗ ಎದೆಯ ಮೇಲಿಂದ ಏನೋ ಇಳಿದು ಹೋಯಿತು. ಮೂಳೆಯನ್ನೂ ನರವನ್ನೂ ದಾಟಿ ಒಳಗೆ ನೋಡುವ ಅಷ್ಟು ದೊಡ್ಡ ಮಿಷನ್ನು ನೋಡಿ ಹೇಳಿದೆ, ತಾನು ಏನನ್ನೂ ಮುರಿದಿಲ್ಲ, ಏನನ್ನೂ ಹರಿದಿಲ್ಲ. ಎರಡನೆಯ ಹಾಳೆಯಲ್ಲಿ ಮೂರೇ ಸಾಲು. ಕೈ ಅಲುಗಿದ್ದರಿಂದ ಚಿತ್ರ ಮಸುಕಾಗಿದೆ. ಕಿರುಬೆರಳ ಕಡೆಯ ಮೃದುಮೂಳೆಯಲ್ಲೂ ಅದನ್ನು ಹಿಡಿದಿಡುವ ಕಟ್ಟಿನಲ್ಲೂ ಹರಕು ಇಲ್ಲವೆಂದು ಹೇಳಲಾಗದು. ನೋವು ಮುಂದುವರಿದರೆ ಕೈಯನ್ನು ಆಡಿಸದೆ ಇಟ್ಟು, ಬೇರೆ ವಿಧಾನದಿಂದ ಮತ್ತೆ ನೋಡತಕ್ಕದ್ದು.

"ಏನಂತೆ?" ಎಂದಿದ್ದಳು.

"ಏನೂ ಇಲ್ವಂತೆ."

ಮನೆಗೆ ಬಂದು ಅವ್ವನಿಗೂ ಅದನ್ನೇ ಹೇಳಿದ. ಆ ಮನೆಯಲ್ಲಿ ಇಂಗ್ಲಿಷ್ ಕಾಗದವೆಂದರೆ ಅವನು ಓದಿ ಹೇಳಿದ್ದೇ ಕಾಗದ. "ನಾ ಬಡ್ಕಂಡೆ. ಈಗಿನ್ ಹೆಣ್ಮಕ್ಕಳ ಮೂಳೆ ಅಂದ್ರೆ ಹಪ್ಪಳ ಕಣ," ಎಂದಳು ಪ್ರೇಮಮ್ಮ. ಎರಡು ತಿಂಗಳಿಂದ ಹಾಲು ಕರೆದು ಅವಳ ಸೊಂಟ ಬಿದ್ದುಹೋಗಿತ್ತು. ಮಾರನೆಯ ಬೆಳಿಗ್ಗೆ ಹೇಮಶ್ರೀ ಡಾಕ್ಟರು ಹಾಕಿದ್ದ ಕೈಪಟ್ಟಿಯನ್ನು ಬಿಚ್ಚಿ ಗೂಟಕ್ಕೆ ನೇತುಹಾಕಿ, ಕ್ಯಾನು ತೆಗೆದುಕೊಂಡು ಕೊಟ್ಟಿಗೆಗೆ ಹೋದಳು. ಅವನು ಒಳಗೆ ಹಲ್ಲುಜ್ಜುತ್ತ ನಿಂತು ಅವಳ ಹೆಜ್ಜೆ ಕೇಳಿಸಿಕೊಂಡ. ಎರಡನೆಯ ಹಾಳೆ ಆಗಲೇ ಡೈರಿಯ ಬೀರುವಿನಲ್ಲಿ, ಹಾಸಿದ ಹಳೆಯ ಪೇಪರಿನ ಕೆಳಗೆ ಸೇರಿತ್ತು. ಇಪ್ಪತ್ತೆರಡು ದಿನ ಅಲ್ಲೇ ಇತ್ತು. ಇವತ್ತು ಹಾಲಿನ ಸಾಲು ಕರಗಿದ ಮೇಲೆ ತೆಗೆದು ಜೇಬಿಗಿಟ್ಟುಕೊಂಡ. ಡಾಕ್ಟರಿಗೆ ಕೊಡಲೆಂದೋ, ತಾನಿಲ್ಲದಾಗ ಯಾರಾದರೂ ಬೀರು ತೆಗೆದಾರೆಂದೋ, ಅವನಿಗೇ ತಿಳಿಯದು.

ಹುಣಸೂರಿನ ಆ ಕ್ಲಿನಿಕ್ಕಿಗೆ ಕೈಯ ಡಾಕ್ಟರು ಗುರುವಾರ ಮಾತ್ರ ಬರುತ್ತಿದ್ದರು. ಡಾಕ್ಟರ್ ಧರ್ಮೇಂದ್ರ, ನಲವತ್ತರ ಆಸುಪಾಸಿನ, ತೋಳು ಮಡಿಸಿದ ಅಂಗಿಯ, ದೊಡ್ಡ ಕೈಗಳ ಮನುಷ್ಯ. ಬಂದ ಗಂಡನನ್ನು ನೋಡಿ ಅವರ ಮುಖದಲ್ಲಿ ಏನೂ ಆಗಲಿಲ್ಲ. ಕರೆಸಿದವರ ಮುಖ ಹೀಗಿರುತ್ತದೆಯೇ? ಕವರಿನಿಂದ ಚಿತ್ರಗಳನ್ನು ಎಳೆದು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಹಾಳೆಯನ್ನು ಓದಿ, ಹಿಂದಕ್ಕೆ ತಿರುಗಿಸಿ ನೋಡಿದರು.

"ಇನ್ನೊಂದು ಹಾಳೆ?"

"ಅಷ್ಟೇ ಕೊಟ್ಟಿದ್ದು ಸಾರ್."

"ಕೆಳಗೆ ಎರಡರಲ್ಲಿ ಒಂದು ಅಂತಿದೆಯಲ್ಲ."

"ಅವ್ರೇ ಮರ್ತಿರ್ಬೇಕು ಸಾರ್."

"ಇರಲಿ," ಎಂದರು. ಕಾಂತರಾಜ ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡ. ಪಕ್ಕದಲ್ಲಿ ಹೇಮಶ್ರೀ ಅಲುಗಾಡದೆ ಕೂತಿದ್ದಳು. ಅವತ್ತು ಆ ಕೊಳವೆಯಲ್ಲಿ ಹೀಗೆ ಕೂತಿದ್ದರೆ ಚಿತ್ರ ಸ್ಪಷ್ಟವಾಗಿ ಬರುತ್ತಿತ್ತು ಎಂಬ ಹಾಳು ಯೋಚನೆ ಬಂದು ಹೋಯಿತು. ಡಾಕ್ಟರು ಅವಳ ಕೈಯನ್ನು ಎತ್ತಿಕೊಂಡು, ಮೊಣಕೈ ಮೇಜಿಗೆ ಊರಿಸಿ, ಕಿರುಬೆರಳ ಕಡೆ ಮಣಿಕಟ್ಟಿನ ಮೂಳೆಯ ಪಕ್ಕದ ಸಣ್ಣ ಕುಳಿಯಲ್ಲಿ ಹೆಬ್ಬೆರಳ ತುದಿಯನ್ನಿಟ್ಟು ಒತ್ತಿದರು. ಅವಳು ಕೂಗಲಿಲ್ಲ. ಉಸಿರನ್ನು ಒಮ್ಮೆ ಒಳಕ್ಕೆಳೆದುಕೊಂಡಳು. ಆ ಉಸಿರು ಕಾಂತರಾಜನಿಗೆ ಗೊತ್ತಿತ್ತು. ಅದನ್ನು ಅವನು ಮೂರು ತಿಂಗಳ ಹಿಂದೆ, ಸಗಣಿಯ ವಾಸನೆಯ ನಡುವೆ, ಇಷ್ಟೇ ಹತ್ತಿರದಿಂದ ಕೇಳಿದ್ದ. ಉಸಿರನ್ನು ಯಾರಾದರೂ ಅಷ್ಟು ಸರಿಯಾಗಿ ನಟಿಸಬಲ್ಲರೇ? ತಾನು ಕೂಡಿಟ್ಟುಕೊಂಡಿದ್ದ ಕಾಗೆ, ಕಲ್ಲು, ಬಾಚಣಿಗೆ ಎಲ್ಲ ಒಮ್ಮೆಲೇ ಕ್ಷುದ್ರವಾಗಿ ಕಂಡವು.

"ಇಲ್ಲೇ ಇದೆ ನೋವು," ಎಂದರು ಡಾಕ್ಟರು. "ಈ ಚಿತ್ರದಲ್ಲಿ ನೋಡಿ, ಆ ಜಾಗವೇ ಮಸುಕು. ಕೈ ಅಲ್ಲಾಡಿದೆ."

"ಏನೂ ಇಲ್ಲ ಅಂತ ಬಂದಿದೆಯಲ್ಲ ಸಾರ್," ಎಂದ ಕಾಂತರಾಜ. ದನಿ ತನ್ನದಲ್ಲವೆನ್ನಿಸಿತು.

"ಕಾಣಲಿಲ್ಲ ಅಂತ ಬಂದಿದೆ. ಮಣಿಕಟ್ಟಿನ ಒಳಗಿರೋದು ಬೆಳ್ಳುಳ್ಳಿ ಸಿಪ್ಪೆಯಂಥ ವಸ್ತು, ಅಷ್ಟು ತೆಳು. ಹರಿದಿದೆ ಅಂತ ಈ ಮಿಷನ್ ಹೇಳಿದರೆ ಬಹುಮಟ್ಟಿಗೆ ನಂಬಬಹುದು. ಆಗಲೂ ಕೈ ಮುಟ್ಟಿ ನೋಡಬೇಕು; ನನ್ನ ಕೈಯನ್ನೇ ಹಾಕಿದರೂ ಎಲ್ಲೋ ಒಂದು ಹರಕು ತೋರಿಸಬಹುದು, ನನಗೆ ನೋವೇ ಇಲ್ಲ. ಹರಿದಿಲ್ಲ ಅಂತ ಹೇಳಿದರಂತೂ ಅಷ್ಟಕ್ಕೇ ಬಿಡುವ ಹಾಗಿಲ್ಲ. ಎಷ್ಟೋ ಹರಕು ತಪ್ಪಿಹೋಗುತ್ತೆ. ನೀವೇನು ಕೆಲಸ ಮಾಡ್ತೀರಿ?"

"ಡೈರಿ ಸೆಕ್ರೆಟ್ರಿ ಸಾರ್."

"ಹೌದಾ? ನಮ್ಮಪ್ಪನೂ ಡೈರಿಗೆ ಹಾಲು ಹಾಕ್ತಿದ್ರು, ಎಚ್.ಡಿ. ಕೋಟೆ ಕಡೆ." ಡಾಕ್ಟರು ಮೊದಲ ಸಲ ನಕ್ಕರು. "ಹಾಗಾದರೆ ಮಿಷನ್ನಿನ ವಿಷಯ ನಿಮಗೆ ನಾನೇನು ಹೇಳೋದು. ನಿಮಗೇ ಚೆನ್ನಾಗಿ ಗೊತ್ತಿರುತ್ತೆ."

ಈ ಮಾತಿನ ಒಳಗೇನಿದೆ ಎಂದು ಕಾಂತರಾಜ ಹುಡುಕಿದ. ಹೇಮಶ್ರೀ ಹೇಳಿದ್ದಾಳೆಯೇ? ರೂಪಶ್ರೀ ಫೋನು ಮಾಡಿದ್ದಾಳೆಯೇ? ಡಾಕ್ಟರು ಹಳೆಯ ಚೀಟಿಯನ್ನು ನೋಡುತ್ತಿದ್ದರು.

"ಜಾರಿ ಬಿದ್ದದ್ದು ಅಂತ ಬರೆದಿದ್ದೀನಿ. ಅಂಗೈ ಊರಿ ಬಿದ್ರೋ, ಬೀಳುವಾಗ ಕೈ ತಿರುಚಿಕೊಂಡಿತೋ? ಯಾವ ಕಟ್ಟು ಹೋಗಿರಬಹುದು ಅನ್ನೋದು ಅದರ ಮೇಲಿದೆ."

ಹೇಮಶ್ರೀ ಮೇಜಿನ ಮೇಲಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ನಂಗೆ ಸರಿಯಾಗಿ ನೆನಪಿಲ್ಲ ಸಾರ್," ಎಂದಳು. "ಇವ್ರು ಅಲ್ಲೇ ಇದ್ರು. ಇವ್ರನ್ನೇ ಕೇಳಿ."

ಗೋಡೆಯ ಫ್ಯಾನು ಆ ಕಡೆಯಿಂದ ಈ ಕಡೆಗೆ ತಿರುಗಿ, ಬೆಳಕಿನ ಪೆಟ್ಟಿಗೆಯ ಚಿತ್ರಗಳನ್ನು ಸ್ವಲ್ಪ ಎತ್ತಿ, ಮತ್ತೆ ಆ ಕಡೆಗೆ ಹೋಯಿತು. ಡಾಕ್ಟರು ತಮ್ಮ ಬಲಗೈಯನ್ನು ಮೇಜಿನ ಮೇಲಿಂದ ಅವನ ಕಡೆಗೆ ಚಾಚಿದರು. "ತೋರಿಸಿ. ಹೇಗೆ ತಿರುಗಿತು?"

ಬೀಳುವ ಕೈ ಹೇಗೆ ತಿರುಗುತ್ತದೆ? ಅವನು ಯೋಚಿಸಿದ. ಏನಾದರೂ ತೋರಿಸಬಹುದಾಗಿತ್ತು, ಅಂಗೈಯನ್ನು ಮೇಜಿಗೆ ಒತ್ತಿ, ಹೀಗೆ ಸಾರ್, ಎಂದು ಮುಗಿಸಬಹುದಾಗಿತ್ತು. ಆದರೆ ಆ ದೊಡ್ಡ ಮಣಿಕಟ್ಟು ಮುಷ್ಟಿಗೆ ಬಂದ ಕೂಡಲೇ ಕೈಗೆ ತನ್ನದೇ ನೆನಪು ಬಂತು. ಹೆಬ್ಬೆರಳು ಒಳಬದಿಯ ನಾಡಿಯ ಮೇಲೆ ಹೋಗಿ ಕೂತಿತು, ಉಳಿದ ನಾಲ್ಕು ಬೆರಳು ಹೊರಗಿನಿಂದ ಬಿಗಿದವು. ಇಲ್ಲದ ಒಂದು ಮಗ್ಗಿನ ಬಾಯಿಯನ್ನು, ಇಲ್ಲದ ಒಂದು ಕ್ಯಾನಿನಿಂದ ಆಚೆಗೆ, ಅವನ ಕೈ ತಿರುಗಿಸತೊಡಗಿತು. ಎಲ್ಲಿ ತಡೆಯಿತೋ ಅಲ್ಲಿಂದ ಇನ್ನೂ ಸ್ವಲ್ಪ ಮುಂದಕ್ಕೆ. ಹೌದು, ಅವತ್ತು ತಡೆದಿತ್ತು. ತಡೆದ ಮೇಲೂ ಅವನು ತಿರುಗಿಸಿದ್ದ. ಅದು ಅವನಿಗೆ ಈಗ ನೆನಪಾಯಿತು. ಮಗ್ಗಿನ ನೀರು ಅಷ್ಟು ಹೊತ್ತಿಗಾಗಲೇ ನೆಲಕ್ಕೆ ಚೆಲ್ಲಿಯಾಗಿತ್ತು.

"ಸಾಕು," ಎಂದರು ಡಾಕ್ಟರು. ಮತ್ತೆ, "ಸಾಕು, ಬಿಡಿ," ಎಂದರು.

ಅವನು ಬಿಟ್ಟ. ಡಾಕ್ಟರು ಮಣಿಕಟ್ಟನ್ನು ಇನ್ನೊಂದು ಕೈಯಿಂದ ಉಜ್ಜಿಕೊಂಡರು. ಅವನನ್ನು ನೋಡಿದರು, ಹೇಮಶ್ರೀಯನ್ನು ನೋಡಿದರು. ಹಳೆಯ ಚೀಟಿಯಲ್ಲಿದ್ದ ಒಂದು ಪದವನ್ನು ಹೊಡೆದುಹಾಕಿ ಮೇಲೆ ಇನ್ನೇನೋ ಬರೆದರು. "ನಿಮಗೆ ಮನೆಯಲ್ಲಿ ಏನಾದರೂ ತೊಂದರೆ ಇದೆಯೇನಮ್ಮ? ಇವರನ್ನ ಹೊರಗೆ ಕೂರಿಸ್ಲಾ?" ಎಂದು ಅವಳನ್ನೇ ಕೇಳಿದರು. ಅವಳು, "ಬೇಡ ಸಾರ್. ಇಲ್ಲೇ ಇರ್ಲಿ," ಎಂದಳು. ಆಮೇಲೆ ಅವರು ಅವಳಿಗೇ ಹೇಳಿದರು: ಮೊಣಕೈವರೆಗೆ ಬಿಗಿಯಾದ ಪಟ್ಟಿ, ಆರು ವಾರ, ಹಾಲು ಕರೆಯುವಂತಿಲ್ಲ, ಬಟ್ಟೆ ಹಿಂಡುವಂತಿಲ್ಲ. ನೋವು ಇಳಿಯದಿದ್ದರೆ ಸಣ್ಣ ತೂತು ಮಾಡಿ, ದುರ್ಬೀನು ಬಿಟ್ಟು ಕಣ್ಣಿಂದಲೇ ನೋಡಿ, ಹರಿದಿದ್ದರೆ ಅಲ್ಲೇ ಹೊಲಿಯುವುದು. ಬೇಗ ಬಂದಿದ್ದರೆ ಒಳ್ಳೆಯದಿತ್ತು. ಈ ಮೂರು ವಾರ ಪಟ್ಟಿ ತೆಗೆದವರು ಯಾರು?

"ಏನೂ ಇಲ್ಲ ಅಂದ್ರು ಸಾರ್," ಎಂದಳು ಹೇಮಶ್ರೀ.

ವಾಪಸ್ಸು ಬಸ್ಸಿನಲ್ಲಿ ಅವಳ ಕೈ ಹೊಸ ಪಟ್ಟಿಯೊಳಗೆ ಎದೆಯ ಮುಂದೆ ತೂಗುಬಿದ್ದಿತ್ತು. ಬಲಗೈಯ ಆರು ಬಳೆಗಳು ಎಡಗೈಗೆ ಹೋಗಿದ್ದವು. ಹನ್ನೆರಡು ಬಳೆ ಒಂದೇ ಕೈಯಲ್ಲಿ, ಬಸ್ಸು ಕುಲುಕಿದಾಗಲೆಲ್ಲ ಸದ್ದು ಮಾಡುತ್ತಿದ್ದವು. ಕಾಂತರಾಜನಿಗೆ ಒಂದೇ ಒಂದು ವಿಷಯ ಬಗೆಹರಿಯಬೇಕಿತ್ತು.

"ಡಾಕ್ಟ್ರಿಗೆ ಮೊದ್ಲೇ ಹೇಳಿದ್ದಾ?"

"ಏನ?"

"ನನ್ನ ಕರ್ಕೊಂಡ್ ಬಾ ಅಂದ್ರಲ್ಲ."

"ಅವ್ರೇನೂ ಅನ್ನಲಿಲ್ಲ. ನಾನೇ ಅಂಗಂದೆ." ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಆಮೇಲೆ, ಟಿಕೆಟ್ಟಿನ ವಿಷಯ ಹೇಳುವಷ್ಟೇ ಸಾಧಾರಣವಾಗಿ, "ಸ್ಕ್ಯಾನಿಂಗ್‌ನೋರು ಪೇಷಂಟ್ ಮೊಬೈಲ್ ನಂಬರು ಕೇಳ್ದಾಗ ನೀವು ನಂದೇ ಬರ್ಸಿದ್ರಿ. ರಿಪೋರ್ಟು ಅವತ್ತೇ ನನ್ ಫೋನ್‌ಗೆ ಬಂತು. ಎರಡೂ ಹಾಳೆ. ರೂಪ ಓದಿ ಹೇಳಿದ್ಲು," ಎಂದಳು.

ಬ್ಯಾರನ್‌ಗಳ ಹೊಗೆ ರಸ್ತೆಗೆ ಅಡ್ಡವಾಗಿ ತೇಲುತ್ತಿತ್ತು. ಜೇಬಿನ ಹಾಳೆ ಎದೆಗೆ ಒತ್ತುತ್ತಲೇ ಇತ್ತು.

"ಮತ್ಯಾಕೆ... ಮತ್ಯಾಕೆ ಕರಿಯಾಕೆ ಹೋದೆ?"

"ಎಡಗೈಲೇ ಕರೀತಿದ್ದೆ. ಒಂದು ಗಂಟೆ ಹಿಡೀತಿತ್ತು. ನೀವು ಒಂದಿನ ಆದ್ರೂ ಕೊಟ್ಟಿಗೆಗೆ ಬಂದು ನೋಡಿದ್ರೆ ಗೊತ್ತಾಗೋದು." ಅವಳು ಈಗ ತಿರುಗಿದಳು. ಅವಳ ಮುಖದಲ್ಲಿ ಅವನು ಹುಡುಕಿದ್ದು ಯಾವುದೂ ಇರಲಿಲ್ಲ. ಸಿಟ್ಟಿಲ್ಲ, ಗೆದ್ದ ಕಳೆಯಿಲ್ಲ. ದಣಿವಿತ್ತು. "ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ನೋಡ್ದೆ. ಇಪ್ಪತ್ತೆರಡು ದಿನ ನೋಡ್ದೆ."

ತಾನು ಅವಳ ಕೈಯನ್ನು ಕಾಯುತ್ತಿದ್ದ ಅಷ್ಟೂ ದಿನ ಅವಳು ತಾನು ಬಾಯಿ ಬಿಡುವುದನ್ನು ಕಾಯುತ್ತಿದ್ದಳು. ಚೊಂಬಿಗೆ ಚಾಚಿದ ಕೈ ಹಿಂದಕ್ಕೆ ಸರಿದಾಗ, ತಲೆ ಬಾಚುವಾಗ, ಕಾಗೆ ಓಡಿಸುವಾಗ ತಾನು ನೋಡುತ್ತಿದ್ದುದು ಅವಳಿಗೆ ಕಂಡಿತ್ತು. ಹನ್ನೆರಡು ವರ್ಷ ಊರಿನ ಹಾಲನ್ನೆಲ್ಲ ನೋಡಿದವನಿಗೆ, ತನ್ನನ್ನೂ ಒಬ್ಬರು ದಿನಾ ಎರಡು ಹೊತ್ತು ನೋಡುತ್ತಿದ್ದಾರೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಜೇಬಿಗೆ ಕೈ ಹಾಕಿದ. ಅವಳು ತಲೆಯಾಡಿಸಿದಳು. "ನಂಗ್ಯಾಕೆ? ನಂಗೊತ್ತು ಅದರಲ್ಲೇನಿದೆ ಅಂತ."

ಮನೆಯ ಜಗಲಿಯಲ್ಲಿ ಪ್ರೇಮಮ್ಮ ಅಲಸಂದೆಕಾಯಿ ಸುಲಿಯುತ್ತ ಕೂತಿದ್ದಳು. ಸೊಸೆಯ ಕೈಯ ದೊಡ್ಡ ಪಟ್ಟಿಯನ್ನು ನೋಡಿ ಅವಳ ಬೆರಳು ನಿಂತಿತು. "ಇದೇನ್ಲಾ ಕಾಂತ, ಏನೂ ಇಲ್ಲ ಅಂದ್ಕಂಡು ಇಷ್ಟುದ್ದ ಕಟ್ಟವ್ರೆ?"

ಹೇಮಶ್ರೀ ಒಳಗೆ ಹೋದಳು. ಹೊಸ್ತಿಲ ಆಚೆ ಬಳೆಗಳ ಸದ್ದು ನಿಂತಿತು. ಇನ್ನೂ ಒಳಕ್ಕೆ ಹೋಗಲಿಲ್ಲ ಎಂದು ಅವನಿಗೆ ತಿಳಿಯಿತು. ಕಾಂತರಾಜ ಜಗಲಿಯ ಅಂಚಿಗೆ ಕೂತು ಜೇಬಿನಿಂದ ಹಾಳೆ ತೆಗೆದ. ಮಡಿಕೆಗಳಲ್ಲಿ ಅಕ್ಷರ ಅಳಿಸಿದಂತಾಗಿತ್ತು. ಇಪ್ಪತ್ತೆರಡು ದಿನಗಳಲ್ಲಿ ಅವನಿಗೆ ಅದು ಬಾಯಿಪಾಠವಾಗಿತ್ತಾದರೂ, ಕಣ್ಣಿಟ್ಟು, ಒಂದೊಂದೇ ಮಾತನ್ನು ಕನ್ನಡ ಮಾಡುತ್ತ ಓದತೊಡಗಿದ. "ಕೈ ಅಲುಗಿದ್ದರಿಂದ ಚಿತ್ರ ಮಸುಕಾಗೈತೆ..."

"ಗಟ್ಟಿಯಾಗಿ ಓದಿ," ಎಂದಳು ಹೇಮಶ್ರೀ ಒಳಗಿನಿಂದ. "ಅತ್ತೆಗೆ ಕೇಳ್ಸಲ್ಲ."

ಅವನು ಗಟ್ಟಿಯಾಗಿ ಓದಿದ. ಹರಕು ಇಲ್ಲವೆಂದು ಹೇಳಲಾಗದು. ಕೈಯನ್ನು ಆಡಿಸದೆ ಇಡತಕ್ಕದ್ದು. ಮೇಲೆ ಇದ್ದ ತಾರೀಖನ್ನೂ ಓದಿದ. ಪ್ರೇಮಮ್ಮ ಲೆಕ್ಕ ಹಾಕಲಿಲ್ಲ; ಮಗನ ಮುಖವನ್ನೇ ನೋಡಿದಳು. ಸುಲಿದ ಕಾಯಿಯ ಸಿಪ್ಪೆ ಅವಳ ಕೈಯಲ್ಲೇ ಇತ್ತು.

"ಅಂಗಾರೆ ಏನೋ ಹರ್ದೈತೆ ಅನ್ನು," ಎಂದಳು. "ಚಪ್ಪಡಿ ಮೇಲೆ ಜಾರುದ್ರೆ ಇಷ್ಟೆಲ್ಲ ಆಯ್ತದಾ? ಎಂಗಾಯ್ತ್ಲಾ ಇದು?"

ಅವನು ಹಾಳೆಯ ಮೇಲೆ ಕಣ್ಣಾಡಿಸಿದ. ಅದಕ್ಕೆ ಅಲ್ಲಿ ಸಾಲಿರಲಿಲ್ಲ. ಹಿಂದೆ ತಿರುಗಿಸಿದ, ಖಾಲಿ. ಹಿತ್ತಿಲ ಕಡೆಯಿಂದ, ಕರೆಯುವ ಹೊತ್ತಾಯಿತೆಂದು, ಹಸು ಒಂದು ಸಲ ಕೂಗಿತು. ಹೊಸ್ತಿಲ ಆಚೆ ಬಳೆಗಳು ಇನ್ನೂ ಸದ್ದು ಮಾಡದೆ ನಿಂತಿದ್ದವು. ಕಾಂತರಾಜ ಹಾಳೆಯನ್ನು ಅಲಸಂದೆಕಾಯಿಯ ಪಕ್ಕ ಇಟ್ಟು, ಅವ್ವನ ಮುಖವನ್ನು ನೋಡಿದ.

"ಅವ್ವ," ಎಂದ. "ಬೇಸ್ಗೇಲಿ ನಮ್ ಹಾಲ್ಗೆ ನೀರು ಬಿದ್ದಿರ್ಲಿಲ್ಲ ಕಣವ್ವ."